ಓದುವ ಖೋಲಿಯ ಗೋಡೆಗೆ ಒಂದು ಫೋಟೋ

ನಮ್ಮ ಭಾಗದಲ್ಲಿ ಕೊಟ್ಟದ್ದಕ್ಕೆಲ್ಲ ಹೆಸರು ಬೇಕು. ಸಿಂಧನೂರಿನ ಯಾವ ಗುಡಿಗಾದರೂ, ಯಾವ ಶಾಲೆಗಾದರೂ ಹೋಗಿ ತಲೆಯೆತ್ತಿ ನೋಡಿ. ಫ್ಯಾನಿನ ಮೂರು ರೆಕ್ಕೆಗಳ ಮೇಲೆ ಅಜ್ಜ, ಅಪ್ಪ, ಮಗ ಮೂವರೂ ಗಿರಗಿರ ತಿರುಗುತ್ತಿರುತ್ತಾರೆ. ಕರೆಂಟ್ ಹೋದಾಗಷ್ಟೇ ಯಾರ್ಯಾರೆಂದು ತಿಳಿಯುತ್ತದೆ. ಇದನ್ನು ಗೆಳೆಯರ ಮುಂದೆ ಹೇಳಿ ನಗಿಸುತ್ತಿದ್ದೆ. ನಮ್ಮ ಓಣಿಯ ಸಾರ್ವಜನಿಕ ಗ್ರಂಥಾಲಯಕ್ಕೆ ದೇಣಿಗೆ, ಅನುದಾನ ಎತ್ತುವ ಕೆಲಸ ನನ್ನ ಕೊರಳಿಗೆ ಬಿದ್ದ ಮೇಲೆ ನಗಿಸುವುದು ನಿಂತಿತು.

ಗ್ರಂಥಾಲಯ ಬಾಡಿಗೆ ಮನೆಯಲ್ಲಿತ್ತು. ಮಾಲೀಕರು ಮನೆ ಕೆಡವಿ ಅಂಗಡಿ ಸಾಲು ಕಟ್ಟಿಸುವವರಿದ್ದರು. ಬೇಸಿಗೆ ಮುಗಿಯುವುದರೊಳಗೆ ಬೇರೆ ಜಾಗ ಸಿಗದಿದ್ದರೆ ಪುಸ್ತಕಗಳನ್ನು ಗಂಟು ಕಟ್ಟಿ ಗೋದಾಮಿಗೆ ಹಾಕುವುದೆಂದು ತೀರ್ಮಾನವಾಗಿತ್ತು. ಗೋದಾಮಿಗೆ ಹೋದ ಪುಸ್ತಕ ಹೊರಗೆ ಬಂದದ್ದನ್ನು ನಾನಂತೂ ನೋಡಿಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ ಗೆದ್ದವನು, ದುಡ್ಡಿದ್ದವರನ್ನೂ ಒಪ್ಪಿಸುತ್ತಾನೆ ಎಂದು ಗ್ರಂಥಾಲಯ ಸಮಿತಿಯವರು ನನ್ನನ್ನು ಮುಂದೆ ಮಾಡಿದರು. ಚರ್ಚೆಯಲ್ಲಿ ಎದುರಾಳಿಯನ್ನು ಒಪ್ಪಿಸಬೇಕಾಗಿಲ್ಲ, ತೀರ್ಪುಗಾರರು ಒಪ್ಪಿದರೆ ಸಾಕು. ದುಡ್ಡು ಕೇಳಲು ಹೋದಲ್ಲಿ ಎದುರಾಳಿಯೇ ತೀರ್ಪುಗಾರ. ಈ ಫರಕು ಅವರಿಗೂ ಹೊಳೆದಿರಲಿಲ್ಲ, ನನಗೂ.

ನನಗೆ ಗ್ರಂಥಾಲಯದ ಮೇಲೆ ಅಂಥ ಭಕ್ತಿಯೇನಿಲ್ಲ, ಬೇಕಾದ್ದನ್ನು ಫೋನಿನಲ್ಲೇ ಓದುತ್ತೇನೆ. ಒಪ್ಪಿಕೊಂಡದ್ದು ಅವ್ವನಿಗಾಗಿ. ಆಕೆ ತುರ್ವಿಹಾಳದವಳು. ಸಣ್ಣಾಕೆ ಇದ್ದಾಗಿಂದ ಬತ್ತದ ಗದ್ದೆಯಲ್ಲಿ ದುಡಿದವಳು. ಮದುವೆಯಾಗಿ, ಅಪ್ಪನ ನೌಕರಿಯ ಹಿಂದೆ ಸಿಂಧನೂರಿಗೆ ಬಂದು, ನಾವೆಲ್ಲ ದೊಡ್ಡವರಾದ ಮೇಲೆ ಅಕ್ಷರ ಕಲಿತಳು. ದಿನಾ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಸೆರಗು ಸರಿ ಮಾಡಿಕೊಂಡು ಗ್ರಂಥಾಲಯಕ್ಕೆ ಹೋಗುತ್ತಿದ್ದಳು. ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲುಗಿಸುತ್ತ ಪೇಪರ್ ಓದುತ್ತಿದ್ದಳು. ಆಕೆ ಬೇರೆ ಎಲ್ಲಿಗೂ ತನಗಾಗಿ ಹೋದವಳಲ್ಲ.

ಕಂಪನಿಗಳಿಗೆ ಅರ್ಜಿ ಹಾಕಿದೆ. ಫಲಾನುಭವಿಗಳ ಬದುಕಿನಲ್ಲಾಗುವ ಬದಲಾವಣೆಯನ್ನು ಹೇಗೆ ಅಳೆಯುತ್ತೀರಿ ಎಂದು ಕೇಳಿದರು. ಅವ್ವನ ತುಟಿ ಅಲುಗುವುದನ್ನು ಯಾವ ಕಾಲಮ್ಮಿಗೆ ತುಂಬಬೇಕೋ ತಿಳಿಯಲಿಲ್ಲ. ಲಿಂಗಸುಗೂರಿನ ಒಂದು ಕಚೇರಿಯಲ್ಲಿ, ಸ್ವಂತ ಕಟ್ಟಡವಿದ್ದವರಿಗಷ್ಟೇ ಕಟ್ಟಡದ ಅನುದಾನ ಎಂದರು. ಹಾಗಾದರೆ ಹಸಿದವರಿಗೆ ಊಟ ಹಾಕುವ ಮೊದಲು ಉಂಡು ಬಂದಿದ್ದೀರಾ ಅಂತ ಕೇಳುತ್ತೀರೇನು ಎಂದೆ. ಗುಮಾಸ್ತರು ನಕ್ಕು, ನಿಯಮ ಹಂಗೈತ್ರಿ ಎಂದರು. ಮಸ್ಕಿಯಲ್ಲಿ ಒಬ್ಬ ಹತ್ತಿ ವ್ಯಾಪಾರಿ, "ಎಲ್ಲಾ ಮೊಬೈಲ್‌ನ್ಯಾಗ ಐತಲ್ಲೋ ತಮ್ಮಾ, ಪುಸ್ತಕ ಯಾಂವ ಓದ್ತಾನ?" ಅಂದರು. ಅವರ ತೊಡೆಯ ಮೇಲೆ ಅವತ್ತಿನ ಪೇಪರ್ ಇತ್ತು. ಅದನ್ನೇ ಎತ್ತಿ ತೋರಿಸಿದೆ. ಚಹಾ ಕುಡಿಸಿ ಕಳಿಸಿದರು.

ಕೊನೆಗೆ ಉಳಿದದ್ದು ಅಕ್ಕಿ ಗಿರಣಿ ಮಾಲೀಕರ ಸಂಘ. ಬತ್ತ ಮಾರಾಟಕ್ಕೆ ಬಂದಾಗ ರೈತರ ರೊಕ್ಕದಲ್ಲಿ ಚೀಲಕ್ಕಿಷ್ಟೆಂದು ಧರ್ಮದ ಹೆಸರಲ್ಲಿ ಹಿಡಿಯುವುದು ಅವರಲ್ಲಿ ಹಿಂದಿನಿಂದ ನಡೆದುಬಂದದ್ದು. ಆ ರೊಕ್ಕದಲ್ಲೇ ಅವರು ಕಚೇರಿಯ ಮಗ್ಗುಲಲ್ಲಿ ದೊಡ್ಡ ಖೋಲಿಯೊಂದನ್ನು ಕಟ್ಟಿಸಿದ್ದರು. ನಾನೂ ಗ್ರಂಥಪಾಲಕರೂ ಹೋಗಿ ಕೇಳಿದೆವು. ಅಧ್ಯಕ್ಷರಾಗಿದ್ದ ಸಾವ್ಕಾರರು ಒಂದೇ ಮಾತಿಗೆ ಖೋಲಿ ಕೊಟ್ಟರು. ಬಾಡಿಗೆ ಬೇಡವೆಂದರು.

"ನಮ್ಮ ತಂದೆಯವರದೊಂದು ಫೋಟೋ ಹಾಕ್ರಿ. ಒಳಗ ಬಂದವರಿಗೆ ಮೊದಲು ಅದ ಕಾಣಬೇಕು. ಅಮಾಸಿಗೊಂದು ಹೂವಿನ ಮಾಲಿ. ಮತ್ತೇನೂ ಕೇಳೂದಿಲ್ಲ."

"ಸಾವ್ಕಾರ್ರ, ಧರ್ಮದ ರೊಕ್ಕ ಚೀಲಾ ತಂದ ರೈತರದು, ಚೀಲಾ ಹೊತ್ತ ಹಮಾಲರದು," ಎಂದೆ. "ಫೋಟೋ ಮಾತ್ರ ನಿಮ್ಮ ತಂದೆಯವರದು ಯಾಕ್ರಿ?"

"ಹಂಗಾದ್ರ ಎಲ್ಲಾರದೂ ಹಾಕೂಣು. ಗ್ವಾಡಿ ಸಾಲ್ತೈತೇನು ನೋಡ್ಕೋ."

ಕೂತವರೆಲ್ಲ ನಕ್ಕರು. ಉತ್ತರ ಚಂದವಿತ್ತು, ನಾನೂ ನಕ್ಕೆ. ಸಾವ್ಕಾರರು ಖುಷಿಯಿಂದ, "ಹುಡುಗ ಚುರುಕ ಅದಾನ. ಯಾರ ಮಗಾರೀ ಇಂವ?" ಎಂದು ಗ್ರಂಥಪಾಲಕರನ್ನು ಕೇಳಿದರು. ಅವರು ಅಪ್ಪನ ನೌಕರಿ, ಅವ್ವನ ತವರು ಎಲ್ಲ ಹೇಳಿದರು.

"ತುರ್ವಿಹಾಳದಾಕಿನಾ? ನಮ್ಮೂರ ಮಗಳಾದಳಲ್ಲ. ಹಂಗಾದ್ರ ನಮ್ಮ ಗದ್ದ್ಯಾಗ ನಾಟಿ ಹಚ್ಚಿದ ಮಂದೀನ ಇರಬೇಕು."

ಆ ಮಾತಿನಲ್ಲಿ ಕುಹಕವಿರಲಿಲ್ಲ, ನಿಜವಾದ ಅಕ್ಕರೆಯೇ ಇತ್ತು. ಅಕ್ಕರೆಗೆ ಎದುರು ಮಾತು ಹೇಗೆ ಆಡುವುದೆಂದು ಯಾರೂ ನನಗೆ ಕಲಿಸಿರಲಿಲ್ಲ.

ಮನೆಗೆ ಬಂದು ಹೇಳಿದೆ. ಅವ್ವ ಅಕ್ಕಿ ಆರಿಸುತ್ತಿದ್ದಳು. "ಅವ್ರ ತಂದೀದಾ?" ಅಂದು ಮೊರ ಕೆಳಗಿಟ್ಟಳು.

"ನನ್ನ ಕಾಲಿಗೆ ಮುಳ್ಳು ಚುಚ್ಚಿತ್ತು. ಅವ್ರ ಮನಿ ಕಟ್ಟಿ ಮ್ಯಾಲ ಕುಂತು ತಗ್ಯಾಕತ್ತಿದ್ದೆ. ಸಣ್ಣಾಕಿ, ತಿಳೀಲಿಲ್ಲ. ಅವ್ರು ಹೊರಗ ಬಂದ್ರು."

"ಹೊಡದ್ರೇನು?"

"ಇಲ್ಲೋ. ಒದರಲೂ ಇಲ್ಲ. ನಮ್ಮವ್ವನ್ನ ಕರದು, ಕಟ್ಟಿ ತೊಳಿ ಅಂದ್ರು. ಆಕಿ ಕೊಡ ತಂದು ನನ್ನ ಮುಂದನ ತೊಳದಳು. ಆ ಸುಗ್ಗಿಗೆ ಆಕಿಗೆ ಸೀರಿನೂ ಕೊಟ್ರು ಮತ್ತ."

ನಾವು ಕೇರಿಯವರು. ಅಪ್ಪನ ಕಾಲಕ್ಕೆ ಬೌದ್ಧರಾದೆವು. ಇಂಥ ಕತೆಗಳು ನನಗೆ ಹೊಸವಲ್ಲ, ಅಂಕಿಅಂಶದ ಜೊತೆ ವೇದಿಕೆಯ ಮೇಲೆ ಎಷ್ಟೋ ಹೇಳಿದ್ದೇನೆ. ಅವ್ವನ ಬಾಯಲ್ಲಿ ಮಾತ್ರ ಅವತ್ತೇ ಕೇಳಿದ್ದು.

"ಇದನ್ನ ಸಮಿತ್ಯಾಗ ಹೇಳ್ತೀನಿ ಬೇ. ಆ ಫೋಟೋಕ್ಕ ಒಬ್ರೂ ಕೈ ಎತ್ತೂದಿಲ್ಲ."

"ಹೇಳಬ್ಯಾಡ. ನಮ್ಮವ್ವ ಕಟ್ಟಿ ತೊಳದದ್ದನ್ನ ನಿನ್ನ ಸಮಿತಿ ಮಂದಿ ಚಹಾ ಕುಡ್ಕೋಂತ ಕೇಳಬೇಕೇನು?"

"ಮತ್ತ ಖೋಲಿ?"

"ತಗೋರಿ. ಪರೀಕ್ಷಾಕ ಓದೂ ಹುಡುಗ್ಯಾರು ಎಲ್ಲಿ ಹೋಗಬೇಕು?"

ಸಮಿತಿಯಲ್ಲಿ ಅವ್ವನ ಮಾತು ಬಿಟ್ಟು ಉಳಿದದ್ದನ್ನೆಲ್ಲ ಆಡಿದೆ. ಸಾರ್ವಜನಿಕ ಜಾಗದಲ್ಲಿ ಒಬ್ಬ ಖಾಸಗಿ ಮನುಷ್ಯನಿಗೆ ಮಾಲೆ ಯಾಕೆ, ಇವತ್ತು ಒಬ್ಬರಿಗೆ ಹೂಂ ಅಂದರೆ ನಾಳೆ ಇನ್ನೊಬ್ಬರಿಗೆ ಇಲ್ಲ ಅನ್ನುವುದು ಹೇಗೆ. ವಾದ ಗಟ್ಟಿಯಾಗಿತ್ತು, ಈಗಲೂ ಅದರಲ್ಲಿ ಬಿರುಕು ಕಾಣುವುದಿಲ್ಲ. ನಿವೃತ್ತಿಗೆ ಹತ್ತಿರವಿದ್ದ ಗ್ರಂಥಪಾಲಕರು ಪೂರ್ತಿ ಕೇಳಿ, "ನೀವು ಹೇಳೂದು ಖರೇನ ಐತ್ರಿ. ಆದ್ರ ಮುಂದಿನ ತಿಂಗಳು ಈ ಪುಸ್ತಕ ಎಲ್ಲಿ ಇಡ್ಲಿ, ಅಷ್ಟು ಹೇಳ್ರಿ" ಎಂದರು. ಬೇರೆ ಜಾಗ ಹುಡುಕಿ ಕೊಡಬೇಕಾಗಿದ್ದವನು ನಾನೇ. ನನ್ನ ಹತ್ತಿರ ಇರಲಿಲ್ಲ. ನನ್ನದೊಂದು ಬಿಟ್ಟು ಎಲ್ಲರ ಕೈ ಮೇಲೆದ್ದವು.

ಸಂಘಕ್ಕೆ ಧನ್ಯವಾದ ಪತ್ರ ಬರೆಯುವುದೂ ನನ್ನ ಕೆಲಸ. ದಿವಂಗತರ ದೊಡ್ಡ ಮನಸ್ಸಿನ ಬಗ್ಗೆ ಬರೆದೆ. ಪರವಾಗಿಯೂ ವಿರುದ್ಧವಾಗಿಯೂ ಮಾತಾಡುವ ತಾಲೀಮು ಇದ್ದವನಿಗೆ ಪದಗಳು ತಾವಾಗಿ ಬಂದವು. ಅವು ಅಷ್ಟು ಸಲೀಸಾಗಿ ಬಂದದ್ದೇ ಹೇಸಿಗೆ ಅನ್ನಿಸಿತು.

ಹೊಸ ಖೋಲಿ ತೆರೆದ ಮರುದಿನ ಅವ್ವ ಬಂದಳು. ನಾನು ಅಲ್ಲೇ ಪುಸ್ತಕ ಜೋಡಿಸುತ್ತಿದ್ದೆ. ಫೋಟೋದಲ್ಲಿ ರುಮಾಲು ಸುತ್ತಿದ ಮುದುಕರು, ಬಾಗಿಲಿನಷ್ಟೇ ದೊಡ್ಡ ಚೌಕಟ್ಟು. ಆಕೆ ಅದರ ಕಡೆ ನೋಡಲಿಲ್ಲ. ಒಂದು ಕುರ್ಚಿಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತೇ ಇದ್ದಳು. ಯಾರಾದರೂ ಕೂತುಕೋ ಅನ್ನಲಿ ಎಂದು ಕಾಯುವವಳ ಹಾಗೆ. ಹಳೆಯ ಮನೆಯಲ್ಲಿ ಆಕೆ ಹಾಗೆ ನಿಂತದ್ದನ್ನು ಕಂಡಿರಲಿಲ್ಲ. ಆಮೇಲೆ ಅಂಚಿನಲ್ಲಿ ಕೂತು ಪೇಪರ್ ಬಿಡಿಸಿದಳು. ಬೆರಳು ಮೊದಲ ಸಾಲಿನ ಕೆಳಗೇ ಇತ್ತು, ಮುಂದೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಪೇಪರ್ ಮಡಚಿ, ಕುರ್ಚಿ ಸದ್ದಾಗದಂತೆ ಸರಿಸಿ, ಎದ್ದು ಹೋದಳು.

ಮರುದಿನ ಕಣ್ಣು ನೋಯುತ್ತವೆ ಅಂದಳು. ಡಾಕ್ಟರರ ಹತ್ತಿರ ಕರೆದೊಯ್ದೆ, ಕಣ್ಣು ನೆಟ್ಟಗಿವೆ ಎಂದರು. ಪೇಪರನ್ನು ಮನೆಗೇ ಹಾಕಿಸಿದೆ. ದಿನಾ ಬಂದು ಮಂಚದ ಮೇಲೆ ಮಡಿಕೆ ಬಿಚ್ಚದೆ ಬೀಳುತ್ತದೆ.

"ಓದು ಬೇ," ಎಂದೆ ಒಮ್ಮೆ.

"ಮನ್ಯಾಗ ಒಬ್ಬಾಕಿನ ಕುಂತು ಓದಾಕ ಏನೈತೋ. ಅಲ್ಲಿ ಮಗ್ಗಲದಾಗ ಯಾರರ ಇರ್ತಿದ್ರು. ಅವ್ರೂ ಓದೋರು, ನಾನೂ ಓದಾಕಿ."

ಖೋಲಿಯೇನೋ ಚೆನ್ನಾಗಿ ನಡೆದಿದೆ. ಜವಳಗೇರಾದಿಂದ, ಸಾಲಗುಂದದಿಂದ ಹುಡುಗಿಯರು ಬೆಳಗಿನ ಬಸ್ಸಿಗೇ ಬಂದು ಪರೀಕ್ಷೆಗೆ ಓದುತ್ತಾರೆ. ಅಷ್ಟು ಜನರಿಗೆ ಸಿಕ್ಕಿತು, ಒಬ್ಬಾಕೆಗೆ ತಪ್ಪಿತು. ಯಾವ ತೀರ್ಪುಗಾರನಾದರೂ ಖೋಲಿಯ ಕಡೆಗೇ ತೀರ್ಪು ಕೊಡುತ್ತಾನೆ. ನಾನಾದರೂ ಕೊಡುತ್ತಿದ್ದೆ.

ಮೊನ್ನೆ ಗ್ರಂಥಪಾಲಕರು ಫೋನು ಮಾಡಿ, ಸಂಘದವರು ಹೊಸ ಮೇಜು ಕೊಟ್ಟಿದ್ದಾರೆ, ಇನ್ನೊಂದು ಧನ್ಯವಾದ ಪತ್ರ ಬೇಕು ಎಂದರು. ಫೋನು ಇಡುವ ಮುಂಚೆ, "ನಿಮ್ಮವ್ವಾರು ಬರವಲ್ರಲ್ಲ. ಆರಾಮ ಅದಾರಿಲ್ಲ?" ಎಂದು ಕೇಳಿದರು.

"ಆರಾಮ ಅದಾರ್ರಿ," ಎಂದೆ. ಪತ್ರ ಬರೆದು ಅವತ್ತೇ ಕಳಿಸಿದೆ.