ಮೇಲ್ ಮಾಡಿ

ಕಳೆದ ವಾರ ಅವಲಪಲ್ಲಿಯ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಾಯಿ ತೆರೆದು ಒರಗಿದ್ದಾಗ ಸೀಲಿಂಗಿನಲ್ಲಿ ಒಂದು ಬಿಳಿ ತಟ್ಟೆ ಕಂಡಿತು. ಬೋರಲು ಹಾಕಿದ ಊಟದ ತಟ್ಟೆಯ ಹಾಗೆ, ನಡುವೆ ಸಣ್ಣ ನೀಲಿ ದೀಪ. ನೋವಾಯಿತೇ ಎಂದು ಡಾಕ್ಟರು ಕೇಳಿದರು. ಹೌದೆಂದು ಕೈಯಾಡಿಸಿದೆ. ಹಲ್ಲಿನದಲ್ಲ...

ಅದಕ್ಕೆ ಆಕ್ಸೆಸ್ ಪಾಯಿಂಟ್ ಎನ್ನುತ್ತಾರೆಂದು ನನಗೆ ಹೇಳಿಕೊಟ್ಟವರು ನಮ್ಮ ಫ್ಯಾಕ್ಟರಿಯ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಒಬ್ಬರು. ಹೊಸೂರಿನ ಆ ಫ್ಯಾಕ್ಟರಿಯಲ್ಲಿ ನಾನು ಆಫೀಸ್ ಸೂಪರಿಂಟೆಂಡೆಂಟ್. ತಗಡಿನ ಚಾವಣಿಯ ಕೆಳಗೆ ಮೊಬೈಲಿಗೆ ಟವರ್ ಸಿಗುತ್ತಿರಲಿಲ್ಲ. ಅವರು ಬಂದಮೇಲೆ ಅಲ್ಲಲ್ಲಿ ಬಿಳಿ ತಟ್ಟೆ ಹಾಕಿಸಿ, ಫೋನ್ ಕರೆಗಳೂ ವೈಫೈ ಮೇಲೆ ಓಡುವಂತೆ ಮಾಡಿದರು. ಅಷ್ಟೂ ತಟ್ಟೆಗಳು ಮೆಟ್ಟಿಲ ಕೆಳಗಿನ ಪುಟ್ಟ ರೂಮಿನ ಒಂದೇ ಸ್ಕ್ರೀನಿನಲ್ಲಿ ಹಸಿರು ಚುಕ್ಕೆಗಳಾಗಿ ಕಾಣುತ್ತಿದ್ದವು. ಯಾವುದಾದರೂ ಕೆಟ್ಟರೆ ಚುಕ್ಕೆ ಕೆಂಪಾಗುತ್ತಿತ್ತು. ನಾನು ಓದಿದ ಕಾನ್ವೆಂಟಿನ ಮದರ್ ಸುಪೀರಿಯರ್ ವೆರಾಂಡದ ತುದಿಯಲ್ಲಿ ಕೂತೇ ಎಲ್ಲ ಕ್ಲಾಸುಗಳನ್ನೂ ಹದ್ದುಬಸ್ತಿನಲ್ಲಿಡುತ್ತಿದ್ದ ಹಾಗೆ, ಇವರೂ ಕೂತಲ್ಲೇ ಎಲ್ಲವನ್ನೂ ನಡೆಸುತ್ತಿದ್ದರು.

ಆಗಾಗ ಎದ್ದು ಮೂಲೆಮೂಲೆಗೆ ಹೋಗಿ ನನಗೆ ಫೋನ್ ಮಾಡುವರು.

"ಕೇಳಿಸ್ತದಾ ಮೇಡಂ? ಈಗ ಟಾಯ್ಲೆಟ್ ಹಿಂದ್ಗಡೆ ಇವ್ನಿ."

"ಅದನ್ನೆಲ್ಲ ನನಗ್ಯಾಕಪ್ಪಾ ಹೇಳ್ತೀಯ!"

"ನಮ್ ಕಾಂಪೌಂಡ್‌ನಾಗೆ ಮಾತು ಕಟ್ಟಾಗೋ ಜಾಗ ಒಂದ್ ತೋರ್ಸಿ, ಮೀಸೆ ಬೋಳಿಸ್ಕೊತೀನಿ."

ಕ್ಯಾಂಟೀನಿನ ದಾರಿಯಲ್ಲಿ ಯಾರಾದರೂ ತಡೆದು ಕಂಪ್ಲೇಂಟ್ ಹೇಳಿದರೆ ಅವರದು ಒಂದೇ ಉತ್ತರ: "ಬಾಯಲ್ ಹೇಳ್ಬ್ಯಾಡಿ, ಮೇಲ್ ಮಾಡಿ." ಮೆಷಿನ್ ಶಾಪಿನವರು ಅದನ್ನೇ ಅಡ್ಡಹೆಸರು ಮಾಡಿದ್ದರು. "ಮೇಲ್ ಮಾಡಿ ಬಂದ್ರು ಕಣ್ಲಾ, ದಾರಿ ಬಿಡ್ಲಾ!" ಅವರೂ ನಗುತ್ತಿದ್ದರು.

ಅವರ ಊರು ಬೇರಿಕೆ. ಮನೆಯ ಮಾತು ಕನ್ನಡ, ಸ್ಕೂಲು ತಮಿಳು. ಲೆಕ್ಕ, ದಿಕ್ಕು, ಮಹಡಿ ಇಂಥವೆಲ್ಲ ಅವರ ಬಾಯಲ್ಲಿ ತಮಿಳಿನಲ್ಲೇ ಬರುತ್ತಿದ್ದವು.

ಅವತ್ತು ಬೆಳಿಗ್ಗೆ ಪ್ರಿಂಟರಿಗೆ ವೈಫೈ ಸಿಗುತ್ತಿಲ್ಲವೆಂದು ಅವರಿಗೆ ಬಾಯಲ್ಲೇ ಹೇಳಿದ್ದೆ. ಊಟದ ನಂತರ ಫೋನ್ ಬಂತು.

"ಮೇಡಂ... ಮೇಲ್ ಮಾಡಿ." ಸ್ವಲ್ಪ ತಡೆದು, "ಮೇಲ್ ಮಾಡಿ... ಬೇಗ."

ನನಗೆ ರೇಗಿತು. ಇಷ್ಟು ವಯಸ್ಸಾದವಳಿಗೂ ರೂಲ್ಸಾ? ‘ಡಿಯರ್ ಸರ್’ ಎಂದು ಶುರುಮಾಡಿ, ಸಿಸ್ಟರ್‌ಗಳು ಕಲಿಸಿದ ಕಾಮಾ, ಫುಲ್‌ಸ್ಟಾಪುಗಳೊಂದಿಗೆ ನೀಟಾಗಿ ಬರೆದು ಕಳಿಸಿದೆ. ಟೀ ಕುಡಿದೆ. ಇಪ್ಪತ್ತು ನಿಮಿಷವಾಗಿರಬೇಕು, ಗುಡಿಸುವಾಕೆ ಮೆಟ್ಟಿಲಿಳಿದು ಓಡಿಬಂದಳು.

"ಅಮ್ಮಾ, ನೆಟ್‌ವರ್ಕ್ ಸಾರು ಮೇಲ್ ಮಾಡೀಲಿ ಬಿದ್‌ಬುಟ್ಟವ್ರೆ!"

ತಮಿಳಿನಲ್ಲಿ ಮೇಲ್ ಮಾಡಿ ಎಂದರೆ ಮೇಲಿನ ಮಹಡಿ. ಅಲ್ಲಿನ ಚುಕ್ಕೆ ಕೆಂಪಾಗಿದೆಯೆಂದು ನೋಡಲು ಹೋದವರು ಅದರ ಪಕ್ಕದ, ಸಿಗ್ನಲ್ ಇದ್ದ ರೂಮಿನಲ್ಲಿ ಎದೆ ಹಿಡಿದುಕೊಂಡು ಕುಸಿದಿದ್ದರು. ಎಲ್ಲಿದ್ದೇನೆಂದು ಹೇಳಿದ್ದರು, ಎರಡು ಸಲ. ಹೊಸೂರಿಗೆ ಸೊಸೆಯಾಗಿ ಬಂದು ಮೂವತ್ತು ವರ್ಷವಾಗಿದ್ದ ನನಗೆ ಆ ಮಾತು ಗೊತ್ತಿರಲಿಲ್ಲವೇ? ಗೊತ್ತಿತ್ತು...

ಆಸ್ಪತ್ರೆಯಲ್ಲಿ ಡಾಕ್ಟರು "ಸ್ವಲ್ಪ ಮೊದಲೇ..." ಎಂದು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು.

ಬೇರಿಕೆಯಲ್ಲಿ ಮಣ್ಣು ಮಾಡಿ ಬಂದಮೇಲೆ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ಕೊನೇ ಫೋನು ನಿಮ್ಗೇ ಮಾಡವ್ರೆ ಮೇಡಂ. ಏನಂದ್ರು?"

"ಸಿಗ್ನಲ್ ಇರಲಿಲ್ಲಮ್ಮ. ಏನೂ ಕೇಳಿಸಲಿಲ್ಲ."

ಆಕೆ ಹಣೆ ಚಚ್ಚಿಕೊಂಡರು. "ಎಲ್ಲಾರ್ಗೂ ಸಿಗ್ನಲ್ ಕೊಟ್ಟೋರು, ತಮ್ಗೇ ಇಟ್ಕೊಳ್ಳಿಲ್ವಲ್ಲ!"

ಅವರ ಪ್ರಾಣ ಉಳಿಸಲಾಗಲಿಲ್ಲ, ಅದೊಂದು. ಆದರೆ ಜೀವಮಾನದ ಕೆಲಸದಲ್ಲಿ ಅವರು ಎಲ್ಲೂ ಬಿಡದೇ ಇದ್ದ, ಮಾತು ಕಟ್ಟಾಗುವ ಒಂದು ತೂತನ್ನು ನಾನು ಒಂದೇ ಸುಳ್ಳಿನಲ್ಲಿ ಕೊರೆದಿಟ್ಟೆ. ಕನ್ಫೆಷನ್ನಿನಲ್ಲಿ ಪರದೆಯ ಹಿಂದಿನ ಪಾದ್ರಿಗೆ ತಪ್ಪನ್ನು ಹೇಳಿಬಿಟ್ಟರೆ ಹಗುರವಾಗುತ್ತದೆ ಎನ್ನುತ್ತಿದ್ದರು ಸಿಸ್ಟರ್‌ಗಳು. ಇಂಥದ್ದನ್ನು ಯಾರಿಗೆ ಹೇಳಬೇಕೋ ಅವರು ಪರದೆಯ ಹಿಂದೆ ಇರುವುದಿಲ್ಲ.

ಕಳೆದ ವಾರ ಹಲ್ಲಿನ ಕ್ಲಿನಿಕ್ಕಿನಿಂದ ಬಂದವಳೇ ಅವರ ಹೆಂಡತಿಗೆ ಫೋನ್ ಮಾಡಿದೆ. ಮಗಳು ಅಪ್ಪನ ಲೈನಿಗೇ ಹೋಗುತ್ತೇನೆಂದು ಹಟ ಹಿಡಿದಿದ್ದಾಳಂತೆ. "ಬ್ಯಾಡ ಅಂತ ನಾನೇ ತಡ್ದಿವ್ನಿ ಮೇಡಂ. ಅವ್ರಪ್ಪನ್ಗೇ ಕೈ ಕೊಡ್ತಲ್ಲ ಆ ಕೆಲ್ಸ."

"ಕೈ ಕೊಡಲಿಲ್ಲಮ್ಮ" ಎಂದೆ.

"ಮತ್ತೆ?" ಎಂದರು ಆಕೆ, ಕಾಯುತ್ತ.

ನಾನು ಬೇರಿಕೆಯಲ್ಲಿ ಮಳೆ ಬಂತೇ ಎಂದು ಕೇಳಿದೆ.