ಜಾಲಿಮುಳ್ಳು, ಉಕ್ಕಿನ ಪಿನ್ನು

ಯುದ್ಧದ ಕಾಲದ ಪುಣೆಯಲ್ಲಿ ವೈಬ್ರಫೋನಿನ ಜಾಝ್ ರೆಕಾರ್ಡುಗಳ ಬೆಲೆ ತಿಳಿದವರು ಇಬ್ಬರೇ ಇದ್ದರು. ಒಬ್ಬಳು ನಾನು, ಇನ್ನೊಬ್ಬರು ದಂಡಿನ ಪ್ರದೇಶವಾದ ಕ್ಯಾಂಪಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಪಾರ್ಸಿ ಮುದುಕರು. ಇಬ್ಬರಲ್ಲಿ ಯಾರಿಗೆ ಹೆಚ್ಚು ಗೊತ್ತಿತ್ತು ಎಂದು ಕೇಳಿದರೆ, ನನಗೇ ಎಂದು ಹೇಳಲು ಹಿಂದೆ ಮುಂದೆ ನೋಡುವವಳಲ್ಲ ನಾನು. ಧಾರವಾಡದಿಂದ ಮದುವೆಯಾಗಿ ಶನಿವಾರ ಪೇಠೆಯ, ಹತ್ತಾರು ಬಿಡಾರಗಳ ವಾಡೆಗೆ ಬಂದ ಹೆಣ್ಣುಮಗಳಿಗೆ ಈ ಹುಚ್ಚು ಎಲ್ಲಿಂದ ಹತ್ತಿತು ಎಂದು ನೆರೆಯವರು ಬಾಯಿಬಿಟ್ಟು ಕೇಳದಿದ್ದರೂ ಕಣ್ಣಲ್ಲಿ ಕೇಳುತ್ತಿದ್ದರು. ಕೇಳಿಕೊಳ್ಳಲಿ, ನನಗೇನು.

ಹತ್ತಿದ್ದು ಒಂದು ಹೋಟೆಲಿನಲ್ಲಿ. ಕ್ಯಾಂಪಿನಲ್ಲಿ ಉಡುಪಿ ಕಡೆಯವರೊಬ್ಬರು ಇಡ್ಲಿ, ಕಾಫಿಯ ಜೊತೆಗೆ ಗ್ರಾಮಫೋನನ್ನೂ ಇಟ್ಟಿದ್ದರು. ಸೋಲ್ಜರುಗಳು ಬಿಟ್ಟುಹೋದ ಪ್ಲೇಟುಗಳನ್ನು ಹಚ್ಚುತ್ತಿದ್ದರು. ರೆಕಾರ್ಡಿಗೆ ಆಗ ನಾವು ಪ್ಲೇಟು ಎಂದೇ ಹೇಳುತ್ತಿದ್ದದ್ದು. ಒಂದು ದಿನ ನಮ್ಮ ಮನೆಯ ಯಜಮಾನರ ಜೊತೆ ಕೂತಿದ್ದಾಗ ತುತ್ತೂರಿಗಳ ಗದ್ದಲದ ನಡುವಿನಿಂದ ಒಂದು ಸ್ವರ ಎದ್ದು ಬಂತು. ಬಡಿದ ಮೇಲೂ ಅದು ನಿಲ್ಲದೆ ತುಸು ನಡುಗುತ್ತಾ ಗಾಳಿಯಲ್ಲೇ ಉಳಿಯಿತು. ಕಬ್ಬಿಣದ ಜಲತರಂಗವೇನೋ ಅಂದುಕೊಂಡೆ. ಆಮೇಲೆ ಪಾರ್ಸಿ ಮುದುಕರು ತಿಳಿಸಿಕೊಟ್ಟರು: ಹಾರ್ಮೋನಿಯಂ ಮನೆಗಳ ಹಾಗೆ ಜೋಡಿಸಿದ ಲೋಹದ ಪಟ್ಟಿಗಳು, ಕೆಳಗೆ ಕೊಳವೆಗಳು, ಕೊಳವೆಯ ಬಾಯಲ್ಲಿ ತಿರುಗುವ ಬಿಲ್ಲೆಗಳು, ಅದಕ್ಕೇ ಆ ನಡುಕ. ಅವತ್ತು ಹೋಟೆಲಿನಲ್ಲಿ ನನ್ನ ಕಾಫಿ ಆರಿಹೋಯಿತು. ಯಜಮಾನರು ನನ್ನ ಪಾಲಿನದನ್ನೂ ಕುಡಿದರು.

ಅಲ್ಲಿಂದ ಶುರುವಾಯಿತು ನನ್ನ ಬೇಟೆ. ಯುದ್ಧದಿಂದ ಅರಗಿಗೆ ಬರ ಬಂದಿತ್ತು, ಪ್ಲೇಟು ಮಾಡುವುದು ಅರಗಿನಿಂದಲೇ. ಹಾಗಾಗಿ ಹೊಸದು ಬೇಕೆಂದರೆ ಅಂಗಡಿಯವರು ಹಳೆಯದನ್ನು ಕೇಳುತ್ತಿದ್ದರು, ಕರಗಿಸಲಿಕ್ಕೆ. ಜನ ಕೈಗೆ ಸಿಕ್ಕದ್ದನ್ನೆಲ್ಲ ತಂದು ಆ ರಾಶಿಗೆ ಸುರಿಯುತ್ತಿದ್ದರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ನಾನು ವಾಡೆಯ ಮನೆಮನೆಗಳಿಂದ ಒಡೆದ ಚೂರುಗಳನ್ನು ಕೂಡಿಸಿ ಚೀಲದಲ್ಲಿ ಒಯ್ದು, ಅಷ್ಟೇ ತೂಕದ ಇಡೀ ಪ್ಲೇಟುಗಳನ್ನು ರಾಶಿಯಿಂದ ಆರಿಸಿ ತರುತ್ತಿದ್ದೆ. ಕರಗಿಸುವವರಿಗೆ ಚೂರಾದರೇನು, ಇಡಿಯಾದರೇನು. ಅಂಗಡಿಯವ ನನ್ನನ್ನು ಕಂಡರೆ ನಗುತ್ತಿದ್ದ, ಆದರೆ ತಕ್ಕಡಿ ತೆಗೆದು ಇಡುತ್ತಿದ್ದ.

ಜುನಾ ಬಜಾರಿನ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಭಾನುವಾರ, ಬೂಟು, ಸೊಳ್ಳೆಪರದೆಗಳ ನಡುವೆ, ಆ ಆಲ್ಬಮ್ ಸಿಕ್ಕಿತು. ದಪ್ಪ ರಟ್ಟಿನ ಪುಸ್ತಕದಂಥದ್ದು, ಒಳಗೆ ಮೂರು ಪ್ಲೇಟು. ಮೂರರಲ್ಲೂ ವೈಬ್ರಫೋನಿಗೆ ಬರೀ ಪಿಯಾನೋ ಜೊತೆ, ಬೇರೆ ಗದ್ದಲವಿಲ್ಲ. ಅದು ಈ ದೇಶದಲ್ಲಿ ಮಾರಾಟಕ್ಕೇ ಬಂದದ್ದಲ್ಲ. ಪಾರ್ಸಿ ಮುದುಕರು ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ನೋಡಿದರು. ನನ್ನ ಕಪಾಟಿನಲ್ಲಿ ಬೇಕಾದ್ದು ತೆಗೆದುಕೋ, ಇದನ್ನು ನನಗೆ ಕೊಡು ಎಂದರು. ಕೊಡಲಿಲ್ಲ. ಹಾಗಾದರೆ ಉಕ್ಕಿನ ಪಿನ್ನು ಇದಕ್ಕೆ ತಾಗಿಸಕೂಡದು ಎಂದು ಆಣೆ ಮಾಡಿಸಿಕೊಳ್ಳಲು ನೋಡಿದರು. ಪ್ಲೇಟು ಜೋಪಾನ ಮಾಡುವವರ ನೇಮ ಅದು: ಪ್ಲೇಟಿನ ಗೆರೆಗಳಲ್ಲಿ ಓಡುವ ಪಿನ್ನು ಉಕ್ಕಿನದಾದರೆ ಜೋರಾಗಿ ಹಾಡಿಸುತ್ತದೆ, ಆದರೆ ಗೆರೆಗಳನ್ನು ಕೊರೆದು ತಿನ್ನುತ್ತದೆ; ಅದರ ಜಾಗದಲ್ಲಿ ಸಿಕ್ಕಿಸಿದ ಮುಳ್ಳು ಮೆಲ್ಲಗೆ ಹಾಡಿಸುತ್ತದೆ, ಪ್ಲೇಟು ಉಳಿಯುತ್ತದೆ. ವಿಲಾಯತಿ ಮುಳ್ಳು ಬರುವುದು ನಿಂತಾಗ ಪರ್ವತಿ ಗುಡ್ಡದ ಹಿಂದಿನ ಜಾಲಿಮುಳ್ಳನ್ನು ಹೆರೆದು ಕೂಡಿಸಿದವಳು ನಾನೇ. ಮುದುಕರೂ ಆಮೇಲೆ ನನ್ನ ಹತ್ತಿರವೇ ಮುಳ್ಳು ಒಯ್ಯುತ್ತಿದ್ದರು.

ಈಗ ಅತ್ತೆಯ ಮಾತಿಗೆ ಬರಬೇಕು. ವಿಧವೆ, ಮಿತಭಾಷಿ, ನನ್ನ ಹಾಗೇ ಧಾರವಾಡದ ಕಡೆಯವರು, ಒಂದು ಕಾಲಕ್ಕೆ ಅಲ್ಲಿ ಯಾವ ಗವಾಯಿ ಬಂದರೂ ಮನೆಗೆಲಸ ಬಿಟ್ಟು ಕಿಟಕಿಯಾಚೆ ನಿಂತು ಕೇಳಿದವರು. ಅವರ ಕಿವಿ ಹೋಗುತ್ತಿತ್ತು. ಮಾತು ಅವರಿಗೆ ಗುಜುಗುಜು ಆಗಿತ್ತು, ಹಾಡು ಬರೀ ಗೊಗ್ಗರು. ಡಾಕ್ಟರರು, ಇದು ಇಳಿಯುತ್ತಲೇ ಹೋಗುತ್ತದೆ, ಔಷಧ ಇಲ್ಲ ಎಂದಿದ್ದರು.

ಆಲ್ಬಮ್ಮಿನ ಮೊದಲ ಪ್ಲೇಟನ್ನು ಜಾಲಿಮುಳ್ಳಿನಲ್ಲಿ ಹಚ್ಚಿದಾಗ ಅತ್ತೆ ಎದುರಿಗೇ ಕೂತಿದ್ದರೂ ಅವರಿಗೆ ಏನೂ ಕೇಳಲಿಲ್ಲ. ಏನು ಅನ್ನಿಸಿತೋ, ಉಕ್ಕಿನ ಪಿನ್ನು ಸಿಕ್ಕಿಸಿದೆ. ಅವರ ಮುಖ ತಟ್ಟನೆ ಮೇಲೆದ್ದಿತು.

"ಏನದು? ಕೇಳಸ್ಲಿಕ್ಕ ಹತ್ತದಲ್ಲ," ಅಂದರು.

"ಖರೇ ಏನ್ರಿ?" ನಾನು ಅವರ ಕಿವಿಯ ಹತ್ತಿರ ಕೂಗಿದೆ.

"ಖರೇನ. ಒಂದೊಂದ ಸುರ ಬ್ಯಾರೆ ಬ್ಯಾರೆ ಕೇಳಸ್ತದ. ಭಾಳ ದಿನಾ ಆಗಿತ್ತು ನೋಡು." ಹೇಳುತ್ತ ಅವರ ಕಣ್ಣು ತುಂಬಿದವು. ನನ್ನವೂ ತುಂಬಿದವು, ಮುಚ್ಚಿಡುವುದೇನಿದೆ.

ಪಾರ್ಸಿ ಮುದುಕರಿಗೆ ಸುದ್ದಿ ಮುಟ್ಟಿತು. ಪ್ಲೇಟನ್ನು ಕೊಲ್ಲುತ್ತಿದ್ದೀ, ಇನ್ನೊಂದು ಎಲ್ಲಿಂದ ತರುತ್ತೀ ಎಂದು ತಮ್ಮ ಅಂಗಡಿಯಲ್ಲೇ ರೇಗಿದರು. ಇಟ್ಟುಕೊಂಡು ಉಪ್ಪಿನಕಾಯಿ ಹಾಕಲೇ ಎಂದು ನಾನೂ ರೇಗಿದೆ. ಯಾರು ಏನೆಂದರೂ ನಿತ್ಯ ಊಟವಾದ ಮೇಲೆ ಅತ್ತೆಗಾಗಿ ಉಕ್ಕಿನ ಪಿನ್ನೇ. ಬೇರೆ ಪ್ಲೇಟುಗಳ ಗದ್ದಲ ಉಕ್ಕಿನ ಪಿನ್ನಿನಲ್ಲೂ ಅವರಿಗೆ ಗೊಗ್ಗರೇ, ಈ ಆಲ್ಬಮ್ಮಿನವೇ ಬೇಕಿತ್ತು. ಮೊದಲ ಪ್ಲೇಟು ಸವೆದು ಬೂದಿಬಣ್ಣಕ್ಕೆ ತಿರುಗಿತು, ಎರಡನೆಯದನ್ನು ತೆಗೆದೆ. ಮೂರನೆಯದು ಇನ್ನೂ ಹೊಳೆಯುತ್ತ ತನ್ನ ಸರದಿಗೆ ಕಾದಿತ್ತು.

ಒಂದು ಮಧ್ಯಾಹ್ನ ನಾನು ಪ್ಲೇಟು ಒರೆಸುತ್ತಿದ್ದಾಗ ಅತ್ತೆ ಬಟ್ಟೆಗೆ ಹತ್ತಿದ್ದ ಕರಿಪುಡಿ ನೋಡಿ, ಏನಿದು ಎಂದು ಕೈಸನ್ನೆ ಮಾಡಿದರು. ಅವರ ಕಿವಿಗೆ ಬಾಯಿಟ್ಟು, ಪಿನ್ನು ಕೊರೆದ ಪುಡಿ, ಹಾಡೇ ಸವೆದು ಬಿದ್ದದ್ದು ಎಂದು ಕೂಗಿ ಹೇಳಿದೆ. ಅವರು ಪುಡಿಯನ್ನು ಬೆರಳಿಗೆ ತೆಗೆದುಕೊಂಡು ನೋಡಿ ಸೆರಗಿಗೆ ಒರೆಸಿಕೊಂಡರು.

ಅದಾದ ಸ್ವಲ್ಪ ದಿನಕ್ಕೆ ಅತ್ತೆ ಹೇಳಿಬಿಟ್ಟರು, "ಇನ್ನ ಇದೂ ಕೇಳಸವಲ್ದು. ಎತ್ತಿ ಇಡು."

ಡಾಕ್ಟರರ ಮಾತು ನಿಜವಾಯಿತು ಅಂದುಕೊಂಡೆ. ಆಲ್ಬಮ್ಮನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಬೇಸಿಗೆ ಹೋಗಿ ಮಳೆಗಾಲ ಬಂತು. ಅತ್ತೆ ಊಟವಾದ ಮೇಲೆ ಗೋಡೆಗೆ ಒರಗಿ ಸುಮ್ಮನೆ ಕೂಡುತ್ತಿದ್ದರು, ಯಾರು ಕರೆದರೂ ತಿರುಗುತ್ತಿರಲಿಲ್ಲ.

ಶ್ರಾವಣದಲ್ಲಿ ಒಮ್ಮೆ ನನಗೇ ಕೇಳುವ ಆಸೆಯಾಯಿತು. ಮಳೆಯ ತಂಪಿಗೆ ಜಾಲಿಮುಳ್ಳೆಲ್ಲ ಮೆತ್ತಗಾಗಿದ್ದವು, ಹಾಗಾಗಿ ಉಕ್ಕಿನ ಪಿನ್ನನ್ನೇ ಹಾಕಿ ಎರಡನೆಯ ಪ್ಲೇಟು ಹಚ್ಚಿದೆ. ಗ್ರಾಮಫೋನ್ ಪೆಟ್ಟಿಗೆಗೆ ಪೂರ್ತಿ ಕೀಲಿ ಕೊಡಲು ಮರೆತಿದ್ದೆ. ನಡುವೆ ಓಟ ನಿಧಾನವಾಗಿ ಸ್ವರಗಳು ಕೆಳಗೆ ಕೆಳಗೆ ಜಾರತೊಡಗಿದವು. ಅಡುಗೆಮನೆಯಲ್ಲಿ ನನಗೆ ಬೆನ್ನು ಮಾಡಿ ಅಕ್ಕಿ ಆರಿಸುತ್ತಿದ್ದ ಅತ್ತೆ ತಿರುಗದೆಯೇ ಹೇಳಿದರು:

"ಕೀಲಿ ಕೊಡು ಅದಕ್ಕ. ಸುರ ಇಳೀಲಿಕ್ಕ ಹತ್ಯಾವು."

ಹೇಳಿದ ಮೇಲೆ ಅವರಿಗೇ ಗೊತ್ತಾಗಿ ಮೊರದ ಮೇಲಿನ ಕೈ ನಿಂತಿತು. ನಾನು ಹೋಗಿ ಎದುರಿಗೆ ಕೂತೆ. ಸಿಟ್ಟು ನೆತ್ತಿಗೇರಿತ್ತು, ಅವರ ಕಿವಿಗೇ ಕೂಗಿದೆ.

"ಕೇಳಸೂದಿಲ್ಲ ಅಂತ ಯಾಕ ಹೇಳಿದ್ರಿ?"

"ಊರೆಲ್ಲಾ ತಿರುಗಿ ತಂದೀ. ನನ್ನ ಸಲುವಾಗಿ ಪುಡಿ ಆಗೂದು ಬ್ಯಾಡ ಅನಸ್ತು."

"ನನ್ನ ಪ್ಲೇಟು, ಏನರೆ ಮಾಡ್ತೀನಿ. ನಿಮ್ಮನ್ನ ಕೇಳಿದ್ದೆ ಏನ್ರಿ ನಾ?"

ಅತ್ತೆ ನಕ್ಕರು. ನಾನು ನಗಲಿಲ್ಲ.

ಅವತ್ತಿನಿಂದ ಮತ್ತೆ ನಿತ್ಯ ಹಚ್ಚಿದೆ, ಕೆಲವು ದಿನ ಎರಡು ಹೊತ್ತೂ. ಎರಡನೆಯ ಪ್ಲೇಟು ಬೂದಿಯಾಯಿತು. ದಸರೆಗೆ ಮೂರನೆಯದನ್ನು ತೆಗೆದು ಅವತ್ತು ಒಂದೇ ಸಲ ಹಚ್ಚಿದೆ. ಅತ್ತೆ ಕಣ್ಣು ಮುಚ್ಚಿ ಕೇಳಿ, ಇದು ಎಲ್ಲಕ್ಕಿಂತ ಚಲೋ ಅದ ಎಂದರು. ಮರುದಿನ ಅವರಿಗೆ ಜ್ವರ ಬಂತು, ವಾರದ ಮೇಲೆ ಬಿಟ್ಟಿತು. ಅಷ್ಟರಲ್ಲಿ ಕಿವಿ ಪೂರ್ತಿ ಹೋಗಿತ್ತು. ಇದ್ದದ್ದರಲ್ಲೇ ಜೋರಾದ ಪಿನ್ನು ಹಾಕಿ ಅವರ ತಲೆಯ ಪಕ್ಕಕ್ಕೇ ಪೆಟ್ಟಿಗೆ ತಂದಿಟ್ಟೆ. ಪ್ಲೇಟು ತಿರುಗುವುದನ್ನು ಸ್ವಲ್ಪ ಹೊತ್ತು ನೋಡಿ, ಸಾಕು ಎಂಬಂತೆ ನನ್ನ ಕೈ ಹಿಡಿದರು. ಈ ಸಲ ಸುಳ್ಳಿರಲಿಲ್ಲ.

ಈಗ ಯಾರಾದರೂ ಸಂಗ್ರಹ ನೋಡಲು ಬಂದರೆ ಬೂದಿಯಾದ ಎರಡನ್ನು ಬದಿಗೆ ಸರಿಸಿ ಆ ಮೂರನೆಯದನ್ನೇ ಕೈಗೆತ್ತಿಕೊಳ್ಳುತ್ತಾರೆ. ಬೆಳಕಿಗೆ ಹಿಡಿದು, ಎಷ್ಟು ಚೆನ್ನಾಗಿ ಉಳಿಸಿದ್ದೀರಿ ಎಂದು ನನ್ನನ್ನು ಹೊಗಳುತ್ತಾರೆ. ನನಗೆ ಮೈ ಉರಿಯುತ್ತದೆ. ಅತ್ತೆ ಗೋಡೆಗೆ ಒರಗಿ ಸುಮ್ಮನೆ ಕೂತ ಆ ಬೇಸಿಗೆ, ಆ ಮಳೆಗಾಲದಲ್ಲಿ ಅದು ಸವೆಯಬೇಕಾಗಿತ್ತು.