ಹಳ್ಳದ ದಂಡೆಯ ಹಳದಿ ಹೂವು

ಐಗಳಿಯ ಕುರಿಗಾರ ಮಾಳೇಶನ ಹೆಂಡತಿ ಅನುಸೂಯಾ ಫೋಟೊ ತೆಗೆಯಲು ಕಲಿತದ್ದು ನಲವತ್ತು ದಾಟಿದ ಮೇಲೆ. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಮೂರು ಗಬ್ಬದ ಕುರಿಗಳು ಮೇವು ಬಿಟ್ಟು, ಮಂಕಾಗಿ, ಒಂದರ ಹಿಂದೊಂದು ಸತ್ತವು. ದನದ ಡಾಕ್ಟರ್ ಸಂಗ್ರಾಮ ಬಂದು ನೋಡಿದ.

"ಏನರ ವಿಷದ ಗಿಡ ತಿಂದಾವ್ರಿ ಅಕ್ಕಾರ. ಯಾವ ಗಿಡ?"

"ಮಡ್ಡಿ ತುಂಬ ಗಿಡ ಅದಾವ್ರಿ ಸಾಹೇಬ್ರ. ಯಾವ್ದಂತ ಹೇಳ್ಲಿ?"

"ಹೂವಿನ ಫೋಟೊ ಕಳಸ್ರಿ. ಹೂವು ಕಂಡ್ರ ಗುರ್ತು ಹಿಡೀಬಹುದು."

ಮರುದಿನವೇ ಅವಳು ಮಗಳು ಸಪನಾಳ ಹಳೆಯ ಮೊಬೈಲು ಹಿಡಿದು, ಕುರಿ ಮೇಯುವ ಕಲ್ಲುದಿಬ್ಬದ ಆ ಮಡ್ಡಿ ಏರಿದಳು. ಕುರಿ ಬಾಯಿ ಹಾಕಿದ ಗಿಡದ ಹೂವನ್ನೆಲ್ಲ ಬಿಡದೆ ಫೋಟೊ ತೆಗೆದು ಕಳಿಸಿದಳು. ಡಾಕ್ಟರನಿಂದ ಬಂದ ಉತ್ತರ ಒಂದೇ: "ಏನೂ ಕಾಣವಲ್ದು." ಗಾಳಿಗೆ ಅಲುಗಾಡಿದ ಹೂಗಳೆಲ್ಲ ಬರೀ ಬಣ್ಣದ ಕಲೆಯಾಗಿದ್ದವು.

ಅವಳು ಬಿಡಲಿಲ್ಲ. ಗಾಳಿ ಬರುವ ಕಡೆಗೆ ಎರಡು ಕೋಲು ನೆಟ್ಟು ಕಂಬಳಿ ಕಟ್ಟಿದಳು. ಬಿಸಿಲು ಏರುವ ಮುಂಚೆ ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿ, ಉಸಿರು ಹಿಡಿದು ಫೋಟೊ ತೆಗೆದಳು. ಮೊಣಕೈ ತರಚಿತು. ಸೀರೆಗೆ ಮುಳ್ಳು ಹತ್ತಿದವು.

ಮಾಳೇಶ ನಕ್ಕ. "ಕುರಿ ಕಾಯೂದ್ ಬಿಟ್ಟು ಹೂವಿನ ಮುಂದ ಮಲಗೀಯಲ್ಲ!"

"ಕುರಿ ಕಾಯಾಕನ ಮಲಗೇನ್ರಿ" ಎಂದಳು, ತಲೆ ಎತ್ತದೆ.

ಇಪ್ಪತ್ತು ದಿನ ಕಳೆದವು. ಹಳ್ಳದ ದಂಡೆಯಲ್ಲಿ, ಒಣಗಿದ ಕಾಯಿ ಗಿಲಿಗಿಲಿ ಎನ್ನುವ ಗಿಡವೊಂದರ ಹಳದಿ ಹೂವನ್ನು ಕಳಿಸಿದ ದಿನ ಡಾಕ್ಟರ್ ತಾನೇ ಫೋನ್ ಮಾಡಿದ.

"ಅಕ್ಕಾರ, ಎಲ್ಲಿ ಸಿಕ್ತು ಇದು? ಕಾಯಿದೂ ಒಂದು ಕಳಸ್ರಿ."

ಕಾಯಿಯನ್ನೂ ನೋಡಿ, ತನಗಿಂತ ಹಿರಿಯ ಡಾಕ್ಟರರನ್ನೂ ಕೇಳಿ, ಕುರಿಯ ಈಲಿ, ಅಂದರೆ ಯಕೃತ್ತು, ಕೆಡಿಸುವುದು ಇದೇ ಎಂದು ಖಾತ್ರಿ ಮಾಡಿದ. ಸತ್ತ ಕುರಿಗಳ ನೆನಪಿಗೆ ಅನುಸೂಯಾಳ ಕಣ್ಣು ತುಂಬಿತು. ಆಮೇಲೆ ಎದ್ದು ಕುಡುಗೋಲು ಹುಡುಕಿದಳು. ಗಂಡ ಹೆಂಡತಿ ಎರಡು ದಿನ ಹಳ್ಳದ ದಂಡೆಯ ಆ ಗಿಡಗಳನ್ನು ಪೂರ್ತಿ ಕಿತ್ತು ಸುಟ್ಟರು. ಆ ಹಂಗಾಮಿನಲ್ಲಿ ಮತ್ತೆ ಒಂದು ಕುರಿಯೂ ಬೀಳಲಿಲ್ಲ. ಪಕ್ಕದ ಹಿಂಡಿನ ಸಾವಕ್ಕ ಬಂದು ಆ ಫೋಟೊ ತನ್ನ ಮೊಬೈಲಿಗೆ ಹಾಕಿಸಿಕೊಂಡು ಹೋದಳು.

ಅನುಸೂಯಾ ಮಾತ್ರ ಫೋಟೊ ತೆಗೆಯುವುದನ್ನು ನಿಲ್ಲಿಸಲಿಲ್ಲ. ಮಡ್ಡಿಯ ಹೂವು ಒಂದೂ ಬಿಟ್ಟು ಹೋಗಬಾರದೆಂದು ಹಟ ಹಿಡಿದಿದ್ದಾಳೆ. ಮೊನ್ನೆ ಮುಂಜಾನೆ ರೊಟ್ಟಿ ಬಡಿಯುತ್ತಿದ್ದಾಗ ಮಾಳೇಶನ ಫೋನು ಬಂತು.

"ಏ, ಕಲ್ಲಿನ ಸಂದ್ಯಾಗ ನೀಲಿ ಹೂವೊಂದು ಅರಳೈತಿ. ಗಾಳಿ ಇಲ್ಲ, ಲಗೂನ ಬಾ."